ಸೋಲಾರ್ ಬಂದ ಮೇಲೆ ಇಇಇ ದಂಡವೇ? ಒಂದು ಸ್ಪಷ್ಟನೆ

"ಸೋಲಾರ್ ಬಂದಾಯ್ತು, ಇನ್ನು ಕರೆಂಟ್ ಇಂಜಿನಿಯರ್ ಬೇಡ. ಸಿಇಟಿಯಲ್ಲಿ ಇಇಇ (ಎಲೆಕ್ಟ್ರಿಕಲ್ ಅಂಡ್ ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್) ತಗೋಬೇಡಿ" ಎಂಬ ಸಂದೇಶ ವಾಟ್ಸ್‌ಆಪ್‌ನಲ್ಲಿ ಓಡಾಡುತ್ತಿದೆ. ಇದು ಸರಿಯಲ್ಲ.

ಪಾವಗಡದ ಸೋಲಾರ್ ಪಾರ್ಕನ್ನೇ ನೋಡಿ. ಸಾಮರ್ಥ್ಯ 2050 ಮೆಗಾವ್ಯಾಟ್. ಸಂಜೆಯಾದರೆ ಅಲ್ಲಿ ಉತ್ಪಾದನೆ ನಿಲ್ಲುತ್ತದೆ. ಮನೆಗಳಲ್ಲಿ ಲೈಟು, ಫ್ಯಾನು ಶುರುವಾಗುವುದೂ ಆಗಲೇ ಅಲ್ವಾ? ಆಗ ಶರಾವತಿಯಂಥ ಜಲವಿದ್ಯುತ್ ಘಟಕಗಳನ್ನು ಹೊಂದಿಸಿಕೊಂಡು ಗ್ರಿಡ್ಡಿನ (ವಿದ್ಯುತ್ ಸಾಗಿಸುವ ಜಾಲದ) ಫ್ರೀಕ್ವೆನ್ಸಿಯನ್ನು, ಅಂದರೆ ಕರೆಂಟು ಸೆಕೆಂಡಿಗೆ ಎಷ್ಟು ಆವರ್ತ ಮುಗಿಸುತ್ತದೆ ಎಂಬುದನ್ನು, 50 ಹರ್ಟ್ಸ್ ಹತ್ತಿರವೇ ಹಿಡಿದಿಡಬೇಕು. ಭಾರಿ ಟರ್ಬೈನ್ ತಿರುಗುವಾಗ ಅದರ ತೂಕವೇ ಏರುಪೇರನ್ನು ಒಂದಿಷ್ಟು ತಡೆಯುತ್ತದೆ. ಪ್ಯಾನೆಲ್ಲಿನ ಡಿಸಿ ಕರೆಂಟನ್ನು ಎಸಿ ಮಾಡುವ ಸಾಮಾನ್ಯ ಸೋಲಾರ್ ಇನ್ವರ್ಟರ್‌ಗೆ ಆ ಗುಣವಿಲ್ಲ. ಹಾಗಾಗಿ ಪವರ್ ಸಿಸ್ಟಮ್ಸ್ (ವಿದ್ಯುತ್ ಉತ್ಪಾದನೆ, ಸಾಗಣೆ, ಹಂಚಿಕೆ) ಬಲ್ಲವರಿಗೆ ಕೆಲಸ ಜಾಸ್ತಿಯೇ ಆಗುತ್ತದೆ.

ಆದರೆ ಬರೀ ಮೋಟರು, ಟ್ರಾನ್ಸ್‌ಫಾರ್ಮರ್ ಪಾಠ ಸಾಲದು. ಪವರ್ ಎಲೆಕ್ಟ್ರಾನಿಕ್ಸ್ (ಇನ್ವರ್ಟರ್‌ನಂಥ ಸಾಧನಗಳ ವಿದ್ಯೆ), ಬ್ಯಾಟರಿ, ರಿಲೇ ಪ್ರೊಟೆಕ್ಷನ್ (ದೋಷ ಕಂಡಾಗ ಆ ಭಾಗದ ಕರೆಂಟು ಕಡಿಯುವ ವ್ಯವಸ್ಥೆ) ಕಲಿಸಬೇಕು. ಸುಮ್ನೆ ಕಟ್ಟಡ ನೋಡಬೇಡಿ, ಲ್ಯಾಬ್ ನೋಡಿ ಕಾಲೇಜು ಆರಿಸಿ.