ಅಧ್ಯಾಪಕರ ಸಾಧನೆ ಪುಟದಲ್ಲಿ ಕೆಲಸ ಕಾಣಲಿ

ಮೈಸೂರು, ಮಂಡ್ಯದ ಕಲಾ ಕಾಲೇಜುಗಳ ವಾರ್ಷಿಕ ವರದಿಗಳಲ್ಲಿ ‘ಅಧ್ಯಾಪಕರ ಸಾಧನೆ’ ಎಂಬ ಪುಟ ತೆಗೆದು ನೋಡಿ. ‘ಅಂತರರಾಷ್ಟ್ರೀಯ ವಿಚಾರ ಸಂಕಿರಣದಲ್ಲಿ ಪ್ರಬಂಧ ಮಂಡಿಸಿದ್ದಾರೆ.’ ‘ಐಎಸ್‌ಬಿಎನ್ ಹೊಂದಿರುವ ಕೃತಿಯಲ್ಲಿ ಲೇಖನ ಪ್ರಕಟವಾಗಿದೆ.’ ಹೀಗೇ ಸಾಲುಸಾಲು. ಯಾವ ವಿಷಯ, ಹೊಸದಾಗಿ ತಿಳಿದದ್ದೇನು, ಎಲ್ಲಿ ಸಿಗುತ್ತದೆ ಎನ್ನುವುದು ಬಹುಪಾಲು ಇರುವುದೇ ಇಲ್ಲ. ಮುಂದೆ ಕಾಲೇಜುಗಳ ಗುಣಮಟ್ಟ ಅಳೆದು ಮಾನ್ಯತೆ ಕೊಡುವ ನ್ಯಾಕ್‌ಗೆ ಹಿಂದಿನ ವರ್ಷಗಳ ಮಾಹಿತಿ ಕೊಡಬೇಕಾದಾಗ ಇದೇ ಸಾಲುಗಳಿಗೆ ದಾಖಲೆ ಹುಡುಕುತ್ತಾ ಕಪಾಟು ಕಪಾಟು ತಡಕಬೇಕಾಗುತ್ತದೆ.

ಐಎಸ್‌ಬಿಎನ್ ಗುಣಮಟ್ಟದ ಮುದ್ರೆ ಅಲ್ಲವೇ ಅಲ್ಲ. ಅದು ಪುಸ್ತಕಕ್ಕೆ ಕೊಡುವ 13 ಅಂಕಿಯ ಗುರುತು. ನಮ್ಮ ದೇಶದಲ್ಲಿ ಅದು ಸರ್ಕಾರಿ ಏಜೆನ್ಸಿಯಿಂದ ಉಚಿತವಾಗಿ ಸಿಗುತ್ತದೆ, ಲೇಖಕರೇ ಅರ್ಜಿ ಹಾಕಬಹುದು. ‘ಐಎಸ್‌ಬಿಎನ್ ಶುಲ್ಕ’ ಎಂದು ಯಾರಾದರೂ ಹಣ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಸಂಖ್ಯೆ ಸರಿಯಿದೆಯೇ ಎಂದು ನೋಡಲು ಪೆನ್ನು, ಕಾಗದ ಸಾಕು. ಎಡದಿಂದ ಅಂಕಿಗಳನ್ನು ಒಂದಾದ ಮೇಲೊಂದು 1, 3, 1, 3 ರಿಂದ ಗುಣಿಸಿ ಕೂಡಿ. ಮೊತ್ತ 10ರಿಂದ ನಿಶ್ಶೇಷವಾಗಿ ಭಾಗವಾಗಬೇಕು. ಆಗದಿದ್ದರೆ ಒಂದೋ ಅಚ್ಚಿನ ತಪ್ಪು, ಇಲ್ಲವೇ ಕಟ್ಟಿದ ಸಂಖ್ಯೆ. ನಿಯತಕಾಲಿಕೆಗೆ ಇರುವುದು 8 ಅಂಕಿಯ ಐಎಸ್‌ಎಸ್‌ಎನ್. ಅದರ ಕೊನೆಯ ಸ್ಥಾನದಲ್ಲಿ ಎಕ್ಸ್ ಅಕ್ಷರ ಬಂದರೂ ಸರಿಯೇ. ವರದಿಗಳಲ್ಲಿ ಇವೆರಡೂ ಅದಲುಬದಲಾಗುವುದು ಮಾಮೂಲು. ಒಪ್ಪಿತ ಸಂಶೋಧನಾ ಪತ್ರಿಕೆಗಳನ್ನು ಹೆಸರಿಸುತ್ತಿದ್ದ ‘ಕೇರ್’ ಪಟ್ಟಿಯನ್ನು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2025ರ ಫೆಬ್ರವರಿಯಲ್ಲಿ ಕೈಬಿಟ್ಟ ಮೇಲೆ ಪತ್ರಿಕೆ ಒಳ್ಳೆಯದೋ ಅಲ್ಲವೋ ಎಂದು ತೂಗುವ ಹೊಣೆ ಕಾಲೇಜಿನ ಮೇಲೇ ಬಂದಿದೆ. ಸಂಪಾದಕ ಮಂಡಳಿಯಲ್ಲಿ ಹೆಸರಿರುವ ಒಬ್ಬರಿಗೆ ಬರೆದು ‘ನೀವು ನಿಜಕ್ಕೂ ಇದರಲ್ಲಿದ್ದೀರಾ’ ಎಂದು ಕೇಳಿದರೆ ಅರ್ಧ ಅನುಮಾನ ಅಲ್ಲೇ ತೀರುತ್ತದೆ.

ನನಗೆ ನಿಜವಾಗಿ ನೋವಾಗುವುದು ಅಧ್ಯಾಪಕರ ನೇಮಕ, ಬಡ್ತಿಗೆ ಲೆಕ್ಕ ಹಾಕುವ ಅಂಕಗಳ ವಿಚಾರದಲ್ಲಿ. 2018ರ ಯುಜಿಸಿ ನಿಯಮಾವಳಿಯ ಕೋಷ್ಟಕದಂತೆ ಮಾನವಿಕ ವಿಷಯಗಳಲ್ಲಿ ಒಂದು ಸಂಶೋಧನಾ ಲೇಖನಕ್ಕೆ 10 ಅಂಕ. ಇಡೀ ಪುಸ್ತಕದ ಅನುವಾದಕ್ಕೆ 8. ಒಂದು ಅಧ್ಯಾಯದ ಅನುವಾದಕ್ಕೆ 3. ನಮ್ಮ ಮೈಸೂರಿನದೇ ಉದಾಹರಣೆ ತೆಗೆದುಕೊಳ್ಳಿ. ಇವತ್ತಿನ ಪ್ರಾಚ್ಯವಿದ್ಯಾ ಸಂಶೋಧನಾಲಯ ಆಗ ಓರಿಯಂಟಲ್ ಲೈಬ್ರರಿ. ಅಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿ ಸೇರಿದ್ದು 1905ರಲ್ಲಿ. ಸಂಸ್ಕೃತ ಮೂಲ ಅಚ್ಚಾದದ್ದು 1909ರಲ್ಲಿ, ಪೂರ್ತಿ ಇಂಗ್ಲಿಷ್ ಅನುವಾದ ಪುಸ್ತಕವಾಗಿ ಬಂದದ್ದು 1915ರಲ್ಲಿ. ಭಾರತದ ರಾಜನೀತಿಯ ಚರಿತ್ರೆಯನ್ನೇ ಬದಲಿಸಿದ ಆ ಅನುವಾದಕ್ಕೆ ಈ ಕೋಷ್ಟಕದಲ್ಲಿ ಸಿಗುವುದು 8, ಎಂಟು ಪುಟದ ಲೇಖನಕ್ಕೆ 10. ಅನುವಾದಕ್ಕೆ ಕೂರಲು ಕಿರಿಯ ಅಧ್ಯಾಪಕರು ಹಿಂಜರಿಯುವುದರಲ್ಲಿ ಅವರ ತಪ್ಪೇನೂ ಇಲ್ಲ.

ಕ್ಷೇತ್ರಕಾರ್ಯದ ಕಥೆಯೂ ಇದೇ. ಮಂಡ್ಯ ಕಡೆಯ ಕೆರೆ ಏರಿಯ ಮೇಲೆ, ಗುಡಿಯ ಹಿತ್ತಲಲ್ಲಿ ವೀರಗಲ್ಲುಗಳಿಗೆ ಬರವಿಲ್ಲ. ಕಾಳಿ ಎಂಬ ನಾಯಿಯ ನೆನಪಿಗೆ ನಿಲ್ಲಿಸಿದ ಆತಕೂರಿನ ಹತ್ತನೇ ಶತಮಾನದ ಕಲ್ಲು ಮದ್ದೂರು ತಾಲ್ಲೂಕಿನದೇ. ಇತಿಹಾಸದ ಮೇಷ್ಟ್ರೊಬ್ಬರು ಇಂಥ ಒಂದು ಕಲ್ಲಿನ ಬರಹವನ್ನು ಕಾಗದದ ಮೇಲೆ ಅಚ್ಚು ತೆಗೆಯುವಾಗ ಏನೇನು ನಡೆಯುತ್ತದೆ ನೋಡಿ. ಮೊದಲು ಮೆತ್ತನೆ ಬ್ರಷ್ಷು, ಬರೀ ನೀರಿನಿಂದ ಪಾಚಿ ತೆಗೆಯಬೇಕು. ತಂತಿ ಬ್ರಷ್ಷು, ಆಸಿಡ್ ಮುಟ್ಟಿಸಿದರೆ ಅಕ್ಷರದ ಅಂಚು ಹೋಗುತ್ತದೆ. ಒದ್ದೆ ಕಾಗದವನ್ನು ಮೇಲಿನಿಂದ ಕೆಳಕ್ಕೆ, ಗಾಳಿ ಸಿಕ್ಕಿಕೊಳ್ಳದ ಹಾಗೆ ಹರಡಬೇಕು. ಆಮೇಲೆ ಬಿರುಸು ಕೂದಲಿನ ಬ್ರಷ್ಷಿನಲ್ಲಿ, ಕಾಗದ ಪ್ರತಿ ಅಕ್ಷರದ ಗುಳಿಗೂ ಇಳಿಯುವ ತನಕ ಒಂದೇ ಸಮ ತಟ್ಟಬೇಕು. ಕಾಗದ ಅರೆಬರೆ ಒಣಗಿದಾಗ ಬಟ್ಟೆಯ ಕುಚ್ಚಿನಿಂದ ಮಸಿ ಒತ್ತಿದರೆ ನೆಲ ಕಪ್ಪಾಗಿ ಅಕ್ಷರ ಬೆಳ್ಳಗೆ ಏಳುತ್ತವೆ. ತೇವ ಹೆಚ್ಚಿದ್ದರೆ ಮಸಿ ಸೋರಿ ಕಲ್ಲಿಗೇ ಕಲೆ ಹತ್ತುತ್ತದೆ. ಬಿಸಿಲು ಗಾಳಿ ಜೋರಾದರೆ ಮಸಿ ಹಚ್ಚುವ ಮೊದಲೇ ಕಾಗದ ಎದ್ದುಬರುತ್ತದೆ. ಅಕ್ಷರ ಎದ್ದು ಕಾಣಲಿ ಎಂದು ಸುಣ್ಣವನ್ನೋ ಚಾಕ್‌ಪೀಸನ್ನೋ ತುಂಬುವುದಂತೂ ಬೇಡವೇ ಬೇಡ. ತುಂಬಿದವರು ಊಹಿಸಿದ ಅಕ್ಷರವೇ ಮುಂದಿನವರಿಗೂ ಕಾಣುತ್ತದೆ.

ಇಷ್ಟಾದರೂ ‘ಹೊಸ ಶಾಸನ ಪತ್ತೆ’ ಎಂದು ಪತ್ರಿಕೆಗೆ ಕೊಡುವ ಮುನ್ನ ಇನ್ನೊಂದು ಕೆಲಸ ಉಂಟು. ರಾಜ್ಯದ ಶಾಸನಗಳನ್ನು ಸಂಗ್ರಹಿಸಿ ಅಚ್ಚು ಹಾಕಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಅದು ಈಗಾಗಲೇ ಇದೆಯೇ ನೋಡಬೇಕು. ಇಲ್ಲೇ ಬಹಳ ಜನ ಎಡವುವುದು. ಮಂಡ್ಯ ಜಿಲ್ಲೆ ಆದದ್ದು 1939ರಲ್ಲಿ. ಈ ಮಾಲೆಯನ್ನು ಶುರುಮಾಡಿದ ಬಿ.ಎಲ್. ರೈಸ್ ಅವರ ಸಂಪುಟಗಳು ಅದಕ್ಕಿಂತ ದಶಕಗಳ ಹಿಂದಿನವು, ಹಾಗಾಗಿ ಈ ಊರುಗಳೆಲ್ಲ ಅಲ್ಲಿ ಮೈಸೂರು ಜಿಲ್ಲೆಯ ಕೆಳಗಿವೆ, ಹೆಸರಿನ ಕಾಗುಣಿತವೂ ಹಳೆಯದು. ಮಂಡ್ಯ ಎಂದು ಹುಡುಕಿ ಸಿಗಲಿಲ್ಲ ಎಂದಾಕ್ಷಣ ಶಾಸನ ಹೊಸದಾಗುವುದಿಲ್ಲ.

ಇಷ್ಟೆಲ್ಲ ಮಾಡಿದವರ ಶ್ರಮ ವರದಿಯಲ್ಲಿ ‘ಶಾಸನ ಪತ್ತೆ ಮಾಡಿದ್ದಾರೆ’ ಎಂಬ ಮೂರು ಪದವಾಗಿ ಮುಗಿಯಬಾರದು. ಊರು, ತಾಲ್ಲೂಕು, ಕಲ್ಲು ಇರುವ ಜಾಗ, ಎಷ್ಟು ಸಾಲು, ಯಾವ ಕಾಲದ ಲಿಪಿ, ಅಚ್ಚು ಈಗ ಎಲ್ಲಿದೆ, ಓದಿದ ಪಾಠ ಎಲ್ಲಿ ಪ್ರಕಟವಾಗಿದೆ, ಇವಿಷ್ಟೂ ಬರಬೇಕು. ಅನುವಾದವಾದರೆ ಮೂಲ ಭಾಷೆ, ನೇರವಾಗಿ ಮಾಡಿದ್ದೋ ಇಂಗ್ಲಿಷ್ ಮೂಲಕವೋ, ಪುಟಸಂಖ್ಯೆ. ಲೇಖನವಾದರೆ ಸಹಲೇಖಕರ ಹೆಸರನ್ನು ಮುಚ್ಚಿಡದೆ ಬರೆಯಿರಿ. ಇಬ್ಬರು ಬರೆದಿದ್ದರೆ ಆ ಕೋಷ್ಟಕದಂತೆ ತಲಾ ಶೇ. 70 ಅಂಕ ಸಿಗುತ್ತದೆ, ಮುಚ್ಚಿಡುವ ಅಗತ್ಯವೇ ಇಲ್ಲ. ಹೆಸರನ್ನೂ ಎಲ್ಲ ಕಡೆ ಒಂದೇ ರೀತಿ ಬರೆಯಬೇಕು. ಇನಿಷಿಯಲ್ ಒಮ್ಮೆ ಮುಂದೆ, ಒಮ್ಮೆ ಹಿಂದೆ ಬಂದರೆ ಡೇಟಾಬೇಸ್‌ಗಳಲ್ಲಿ ಒಬ್ಬರೇ ಇಬ್ಬರಾಗುತ್ತಾರೆ. ಸಂಶೋಧಕರಿಗೆ ಕೊಡುವ ಆರ್ಕಿಡ್ ಎಂಬ 16 ಅಂಕಿಯ ಗುರುತು ಉಚಿತ, ಹತ್ತು ನಿಮಿಷದ ಕೆಲಸ.

ಅತಿಥಿ ಉಪನ್ಯಾಸಕರ ಕೆಲಸವನ್ನೂ ಇದೇ ಪುಟದಲ್ಲಿ, ಇದೇ ಅಕ್ಷರದ ಗಾತ್ರದಲ್ಲಿ ಅಚ್ಚು ಹಾಕಿ. ಅವರದ್ದು ಕಾಯಂ ಹುದ್ದೆಯಲ್ಲ ಎಂದು ಬಿಟ್ಟುಬಿಡುವ ಕಾಲೇಜುಗಳಿವೆ. ಅವರು ಸಂಗ್ರಹಿಸಿದ, ಮಂಟೇಸ್ವಾಮಿ ಕಥೆ ಹಾಡುವ ನೀಲಗಾರರ ಪದ, ಅವರು ಓದಿದ ಶಾಸನ ಕಾಯಂ ಆಗಿಯೇ ಉಳಿಯುತ್ತದೆ. ಮಾಹಿತಿ ಕೇಳುವ ಸುತ್ತೋಲೆಯಲ್ಲೇ ಅವರ ಹೆಸರೂ ಇರಲಿ.