ಮನಿಗೆ ಹೋಗಿ ಕುಂದ್ರು

ಬಳ್ಳಾರಿಗೆ ಕುರ್ಚಿ ಜಗಳ ಹೊಸದಲ್ಲ. ಐದು ವರ್ಷಕ್ಕೊಮ್ಮೆ ಅದಕ್ಕೆ ಮೈಕು, ಪಟಾಕಿ, ಬಿರಿಯಾನಿ ಎಲ್ಲ ಇರುತ್ತವೆ. ಈ ಬೇಸಿಗೆಯಲ್ಲಿ ಕುರ್ಚಿ ಕೇಳಿದ್ದು ಮಾತ್ರ ಒಂದು ಜೀನ್ಸ್ ಘಟಕದಲ್ಲಿ ದಾರ ಕಟಿಂಗ್ ಮಾಡುವ ಅಕ್ಕ. ಘಟಕದ ಹೆಸರು ಬೇಡ. ಹೇಳದಿದ್ದರೂ ಹತ್ತು ಮಂದಿ ಸಾಹುಕಾರರು 'ಇದು ನಮ್ದೇ' ಅಂತ ಗುರುತು ಹಿಡಿಯುತ್ತಾರೆ.

ಅಕ್ಕನ ಮೊಣಕಾಲು ಬಾತಿತ್ತು. ಜಾಸ್ತಿ ಹೊತ್ತು ನಿಲ್ಲಬಾರದು ಎಂದು ಡಾಕ್ಟರು ಚೀಟಿ ಬರೆದುಕೊಟ್ಟಿದ್ದರು. ಚೀಟಿ ಸೂಪರ್‌ವೈಸರ್ ಕೈ ದಾಟಿ ಸಾಹುಕಾರರ ಮೇಜು ಸೇರಿತು. ಅಲ್ಲಿ ಮೂರು ದಿನ ಮಲಗಿತು. ಆ ಘಟಕದಲ್ಲಿ ಮಲಗುವ ಭಾಗ್ಯ ಸಿಕ್ಕಿದ್ದು ಅದೊಂದಕ್ಕೇ.

"ಏನವ್ವಾ, ನಿನಗೊಂದು ಕುರ್ಚಿ ಕೊಟ್ರೆ ನಾಳೆ ನಲವತ್ತು ಮಂದಿಗೂ ಮೊಣಕಾಲು ನೋವು ಬರ್ತೈತಿ" ಎಂದರು ಸಾಹುಕಾರರು, ತಮ್ಮ ತಿರುಗುವ ಕುರ್ಚಿಯಲ್ಲಿ ಅರ್ಧ ಸುತ್ತು ತಿರುಗಿ. ಮೊಣಕಾಲು ನೋವು ಅಂಟುರೋಗ ಎಂದು ಡಾಕ್ಟರುಗಳಿಗೆ ಇನ್ನೂ ಗೊತ್ತಾಗಿಲ್ಲ, ಪಾಪ.

ನಿಂತು ದುಡಿಯುವವರಿಗೆ ಕೂರುವ ಏರ್ಪಾಟು ಇರಬೇಕು, ಕೆಲಸದ ನಡುವೆ ಬಿಡುವು ಸಿಕ್ಕಾಗ ಅವರು ದಣಿವಾರಿಸಿಕೊಳ್ಳಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯ 44ನೇ ಕಲಮು ಎಪ್ಪತ್ತಕ್ಕೂ ಜಾಸ್ತಿ ವರ್ಷ ಹೇಳುತ್ತಲೇ ಬಂತು. ಕೂತೇ ಮಾಡಬಹುದಾದ ಕೆಲಸವಾದರೆ ಕೂರಿಸಿ ಎಂದು ಮುಖ್ಯ ಇನ್‌ಸ್ಪೆಕ್ಟರ್ ಬರೆದು ಆದೇಶಿಸಲೂಬಹುದಿತ್ತು. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ ಕಾರ್ಮಿಕರ ಸುರಕ್ಷತೆಯ ಹೊಸ ಸಂಹಿತೆ ಬಂದಿದೆ. ಅದರಲ್ಲೂ ಕೂರುವ ಏರ್ಪಾಟಿನ ಮಾತು ಇದೆ. ಸರ್ಕಾರ ಬದಲಾದರೂ ಕುರ್ಚಿ ಉಳಿಸಿಕೊಳ್ಳುವ ಕಲೆ ನಮ್ಮಲ್ಲಿ ಕಾನೂನಿಗೂ ಬಂದಿದೆ ಅನ್ನಿ.

ಸಾಹುಕಾರರ ಕಣ್ಣು ಮಾತ್ರ 'ಬಿಡುವು ಸಿಕ್ಕಾಗ' ಎಂಬಲ್ಲಿ ನಿಂತಿತು. ಮರುದಿನವೇ ಒಬ್ಬೊಬ್ಬರು ಮುಗಿಸಬೇಕಾದ ಪ್ಯಾಂಟುಗಳ ಲೆಕ್ಕ ಏರಿತು. ಬಿಡುವೇ ಇಲ್ಲ ಅಂದಮೇಲೆ ಕುರ್ಚಿ ಯಾಕೆ, ಅಲ್ವಾ? ಸುಮ್ನೆ ಇರಲಿ ಅಂತ ಗೋಡೆ ಮೇಲೆ ಒಂದು ಗಾದೆಯನ್ನೂ ಬರೆಸಿದರು: ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು. ನಿಂತು ದುಡಿದವರಿಗೆ ಸಾಲುತ್ತದೋ ಇಲ್ಲವೋ, ಅದು ಪಗಾರದ ದಿನ ತಿಳಿಯುತ್ತದೆ.

ತಪಾಸಣೆಯ ಸುದ್ದಿ ಬಂದಿದ್ದೇ ತಡ, ಶಾಮಿಯಾನದ ಅಂಗಡಿಯಿಂದ ನಲವತ್ತು ಪ್ಲಾಸ್ಟಿಕ್ ಕುರ್ಚಿ ಬಂದವು. "ಮುಟ್ಟಬ್ಯಾಡ್ರಿ, ಮುರಿದ್ರೆ ದಂಡ ಕಟ್ಬೇಕು" ಎಂದ ಸೂಪರ್‌ವೈಸರ್. ಹೆಂಗಸರು ಕುರ್ಚಿ ಹಿಂದೆ ಸಾಲಾಗಿ ನಿಂತರು, ಗ್ರೂಪ್ ಫೋಟೋಗೆ ನಿಂತ ಹಾಗೆ. ಸಾಹೇಬರು ಎಣಿಸಿದರು. ಒಂದರಲ್ಲಿ ಕೂತು ಒಗ್ಗರಣಿ ಮಿರ್ಚಿ ತಿಂದರು. 'ವ್ಯವಸ್ಥೆ ಇದೆ' ಎಂದು ಬರೆದುಕೊಂಡರು. ಸಂಜೆ ಲಗೇಜ್ ಆಟೊ ಬಂತು, ಕುರ್ಚಿಗಳು ಯಾರದೋ ಮದುವೆಗೆ ಹೊರಟವು.

ಅಕ್ಕ ಗೇಟಿನ ಹತ್ತಿರ ಸಾಹುಕಾರರನ್ನು ಇನ್ನೊಮ್ಮೆ ಕೇಳಿದಳು.

"ಕುಂದ್ರಬೇಕಾ? ಮನಿಗೆ ಹೋಗಿ ಕುಂದ್ರು."

ಮನೆಯಲ್ಲಿ ಕೂರುವುದಕ್ಕೂ ಕಾನೂನಿದೆ. ಇಎಸ್‌ಐ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆ, ಇದ್ದರೆ ಕಾಯಿಲೆಯ ದಿನಗಳಿಗೆ ಪಗಾರದ ನೂರಕ್ಕೆ 70 ಸಿಗುತ್ತದೆ, ವರ್ಷಕ್ಕೆ 91 ದಿನದವರೆಗೆ. ಅದನ್ನು ಕೇಳಿದರೆ "ನೀನು ಕಾಯಂ ಅಲ್ಲವ್ವಾ" ಎಂದರಂತೆ. ಹನ್ನೊಂದು ವರ್ಷದಿಂದ ಅವಳು ಅದೇ ಮೇಜಿನ ಮುಂದೆ ಕಾಯಂ ಅಲ್ಲದೆ ನಿಂತಿದ್ದಾಳೆ.

ಈಗ ಯಾರೂ ನೋಡದಾಗ ಅಕ್ಕ ಪ್ಯಾಂಟಿನ ಗಂಟಿನ ಮೇಲೆ ಕೂರುತ್ತಾಳೆ. ಅದಕ್ಕೂ ಸಾಹುಕಾರರ ತಕರಾರಿದೆ. ಬೇಕಂತಲೇ ಉಜ್ಜಿ, ಮಾಸಿಸಿ, ಮೊಣಕಾಲಲ್ಲಿ ಹರಿದು ಮಾರುವ ಪ್ಯಾಂಟು ಸುಕ್ಕಾಗುತ್ತದಂತೆ.