ಬಣ್ಣ ಬ್ಯಾರೆ ಅಷ್ಟೇ

ನಾನಿರೋದು ಬೆಂಗಳೂರಲ್ಲಿ. ಅವ್ವ ಇರೋದು ಕಲಬುರಗಿಯ ಶಹಾಬಜಾರಿನಲ್ಲಿ. ನಡುವೆ ಒಂದು ರಾತ್ರಿಯ ರೈಲು. ಎರಡು ವರ್ಷದಿಂದ ಅವ್ವನ ಗುಳಿಗೆಗಳನ್ನು ನಾನೇ ಮೊಬೈಲಿನಲ್ಲಿ ತರಿಸುತ್ತಿದ್ದೇನೆ. ಬಿಪಿಗೆ ಒಂದು, ಶುಗರಿಗೆ ಎರಡು, ಥೈರಾಯ್ಡಿಗೆ ಒಂದು ಶೀಸೆ. ತಿಂಗಳ ಕೊನೆಗೆ ಆ್ಯಪ್ ತಾನೇ ಕೇಳುತ್ತದೆ, ಮತ್ತೆ ಅದೇ ಕಳಿಸೋದಾ ಅಂತ. ನಾನು ಮೆಟ್ರೋದಲ್ಲಿ ಒಂದು ಕೈಲಿ ಕಂಬ ಹಿಡಿದುಕೊಂಡೇ ಹೂಂ ಅಂತ ಒತ್ತುತ್ತೇನೆ. ಮೂರನೇ ದಿನ ಡಬ್ಬಿ ಅವ್ವನ ಮನೆ ಕಟ್ಟೆ ಮೇಲೆ. ಎಂಥ ಮಗ ಅಲ್ವಾ ಅಂತ ಒಳಗೊಳಗೇ ಬೀಗಿದ್ದೂ ಉಂಟು.

ಕಳೆದ ಮೇ ತಿಂಗಳಲ್ಲಿ ಅದೆಲ್ಲ ಇಳಿಯಿತು.

ಅವ್ವನ ಬಿಪಿ ಗುಳಿಗೆ ಟೆಲ್ಮಿಸಾರ್ಟನ್ ಮತ್ತು ಅಮ್ಲೋಡಿಪಿನ್ ಅನ್ನೋ ಎರಡು ಔಷಧ ಸೇರಿದ್ದು. ಯಾವಾಗಲೂ ಹಸಿರು ಸ್ಟ್ರಿಪ್ಪಿನಲ್ಲಿ ಬರುತ್ತಿತ್ತು. ಆ ಸಲ ಆ ಕಂಪನಿಯದು ಖಾಲಿ, ಅದೇ ಔಷಧ ಬೇರೆ ಕಂಪನಿಯದು ಇದೆ, ರೇಟೂ ಕಡಿಮೆ ಅಂತ ಆ್ಯಪ್ ತೋರಿಸಿತು. ಒತ್ತಿದೆ. ನೀಲಿ ಸ್ಟ್ರಿಪ್ ಹೋಯಿತು. ಅವ್ವನ ಬಿಸ್ಕೀಟ್ ಡಬ್ಬಿಯಲ್ಲಿ ಹಸಿರಿನವು ಇನ್ನೂ ಒಂಬತ್ತು ಉಳಿದಿದ್ದವು. ಡಾಕ್ಟರು ಹೊಸದೊಂದು ಸೇರಿಸಿದ್ದಾರೆ ಅಂದುಕೊಂಡಳು. ಮಗ ಕಳಿಸಿದ್ದಾನೆ ಅಂದರೆ ಸುಮ್ನೆ ಕಳಿಸಿರುತ್ತಾನಾ? ಮುಂಜಾನೆ ಒಂದು ಹಸಿರು, ಒಂದು ನೀಲಿ. ಹೀಗೆ ನಾಲ್ಕು ದಿನ.

ಐದನೇ ದಿನ ಬಚ್ಚಲಿನಿಂದ ಬರುವಾಗ ಕಣ್ಣಿಗೆ ಕತ್ತಲೆ ಬಂದು ಗೋಡೆ ಹಿಡಿದು ಕೂತುಬಿಟ್ಟಿದ್ದಾಳೆ. ಹೊರಗೆ 43 ಡಿಗ್ರಿ ಬಿಸಿಲು, ಮೈಯಲ್ಲಿ ನೀರಿಲ್ಲ, ಅದರ ಮೇಲೆ ಡಬಲ್ ಡೋಸು. ಪಕ್ಕದ ಮನೆಯವರು ಆಟೋದಲ್ಲಿ ದವಾಖಾನೆಗೆ ಕರೆದುಕೊಂಡು ಹೋದರು. ಮೇಲಿನ ಬಿಪಿ 90 ಕೂಡ ಇರಲಿಲ್ಲ. ಸಲೈನ್ ಹಚ್ಚಿ ಸಂಜೆಗೆ ಮನೆಗೆ ಕಳಿಸಿದರು. ರಾತ್ರಿ ಫೋನಿನಲ್ಲಿ ಅವ್ವ ಹೇಳಿದ್ದು ಇಷ್ಟು: "ನೀ ಕಳ್ಸಿದ್ದು ಒಂದೂ ಬಿಟ್ಟಿಲ್ಲಪ್ಪ ನಾ. ಎಲ್ಲಾ ಬರೋಬ್ಬರಿ ತೊಗೊಂಡೀನಿ."

ನಾನು ಏನೂ ಮಾತಾಡಲಿಲ್ಲ. ಮಾತಾಡೋಕೆ ಏನಿತ್ತು?

ಈ ಕತೆ ಹೇಳಿದಾಗೆಲ್ಲ ಗೆಳೆಯರು, ಅದಕ್ಕೇ ಹೇಳೋದು, ಓಣಿಯ ಮೆಡಿಕಲ್ ಅಂಗಡಿಯೇ ಚೆಂದ ಅನ್ನುತ್ತಾರೆ. ನಾನು ಪೂರ್ತಿ ಒಪ್ಪಲ್ಲ. ಅಲ್ಲಿ ಏನು ನಡೆಯುತ್ತಿತ್ತು ಅಂತ ನನಗೆ ಗೊತ್ತು. ಅವ್ವನ ಚೀಟಿಗೆ ನಾವು ಲ್ಯಾಮಿನೇಷನ್ ಮಾಡಿಸಿಟ್ಟಿದ್ದೆವು. ನಾಲ್ಕು ವರ್ಷದ ಹಿಂದಿನ ಚೀಟಿ. ಬರೆದ ಡಾಕ್ಟರು ಊರು ಬಿಟ್ಟು ಹೋಗಿದ್ದರು, ಚೀಟಿ ಮಾತ್ರ ಗಟ್ಟಿಯಾಗಿತ್ತು. ಅಂಗಡಿಯವನು ಅದನ್ನೂ ಕೇಳುತ್ತಿರಲಿಲ್ಲ, ಅವ್ವನ ಮುಖ ನೋಡಿ ಗುಳಿಗೆ ಕಟ್ಟಿ ಕೊಡುತ್ತಿದ್ದ. ಆದರೆ ಕಂಪನಿ ಬದಲಾದರೆ ಒಂದು ಮಾತು ಹೇಳುತ್ತಿದ್ದ. "ಆಯಿ, ಇದು ನಿಮ್ದು ಹಳೀ ಗುಳಿಗೀನೇ ಅದ. ಬಣ್ಣ ಬ್ಯಾರೆ ಅಷ್ಟೇ. ಮನ್ಯಾಗಿಂದು ಮುಗಿಸಿ ಆಮ್ಯಾಲ ಇದು ತೊಗೋರಿ."

ಆ ಮಾತು ಡಬ್ಬಿಯಲ್ಲಿ ಬರಲ್ಲ. ಬಿಲ್ಲು ಬರುತ್ತದೆ. ಮುಂದಿನ ಸಲಕ್ಕೆ ಕೂಪನ್ನೂ ಬರುತ್ತದೆ. ಅವ್ವ ನಾಲ್ಕನೇ ಇಯತ್ತೆವರೆಗೆ ಕಲಿತವಳು, ಕನ್ನಡ ಪೇಪರನ್ನು ಮೂಲೆಯ ಜಾಹೀರಾತಿನವರೆಗೂ ಓದುತ್ತಾಳೆ. ಬದಲಿ ಕೊಟ್ಟಿದ್ದೇವೆ ಅಂತ ಬಿಲ್ಲಿನ ಮೂಲೆಯಲ್ಲಿ ಇಂಗ್ಲಿಷಿನಲ್ಲಿ ಇತ್ತಂತೆ. ಒಂದು ಸಾಲು ಕನ್ನಡದಲ್ಲಿ ಹಾಕೋದಕ್ಕೆ ಎಷ್ಟು ಖರ್ಚು?

ಇನ್ನು ಚೀಟಿಯ ವಿಷಯ. ಆ್ಯಪಿಗೆ ಹಳೇ ಚೀಟಿಯ ಫೋಟೋ ಹಾಕಿದರೆ, ಇದು ನಡೆಯಲ್ಲ, ನಮ್ಮ ಡಾಕ್ಟರು ಫೋನ್ ಮಾಡುತ್ತಾರೆ ಅಂತ ಬರುತ್ತದೆ. ಫೋನ್ ಬಂದದ್ದು ಅವ್ವನಿಗಲ್ಲ, ಬೆಂಗಳೂರಿನಲ್ಲಿದ್ದ ನನಗೆ. ಹಿಂದಿಯಲ್ಲಿ ವಯಸ್ಸು ಕೇಳಿದರು, ಅಲರ್ಜಿ ಇದೆಯಾ ಕೇಳಿದರು. ಬಿಪಿ ಎಷ್ಟಿದೆ ಅಂತ ಕೇಳಲಿಲ್ಲ. ಕೇಳಿದ್ದರೂ ನನಗೆ ಗೊತ್ತಿರಲಿಲ್ಲ ಬಿಡಿ. ಎರಡು ನಿಮಿಷದಲ್ಲಿ ಹೊಸ ಚೀಟಿ ಬಂತು. ಡಾಕ್ಟರು ಫೋನು, ವಿಡಿಯೋದಲ್ಲಿ ರೋಗಿ ನೋಡೋದಕ್ಕೆ ಕೇಂದ್ರ ಸರ್ಕಾರದ ಟೆಲಿಮೆಡಿಸಿನ್ ಮಾರ್ಗಸೂಚಿ ಬಂದದ್ದು 2020ರ ಮಾರ್ಚ್ 25ಕ್ಕೆ. ಡಾಕ್ಟರು ಹಿಂದಿನ ಸಲ ನೋಡಿ 6 ತಿಂಗಳು ದಾಟಿದರೆ ಆ ರೋಗಿಯನ್ನು ಮೊದಲ ಸಲ ನೋಡಿದ ಲೆಕ್ಕದಲ್ಲೇ ನೋಡಬೇಕು ಅನ್ನುತ್ತದೆ ಅದು. ರೋಗಿ ಜೊತೆಗಿಲ್ಲದೆ ಮನೆಯವರು ಮಾತಾಡುವುದಾದರೆ ಒಪ್ಪಿಗೆಯೋ, ಸಂಬಂಧದ ದಾಖಲೆಯೋ ಬೇಕು ಅಂತಲೂ ಇದೆ. ನೀನು ಯಾರಪ್ಪ ಅಂತ ನನ್ನನ್ನು ಯಾರೂ ಕೇಳಲಿಲ್ಲ.

ಇದನ್ನೆಲ್ಲ ಕೆದಕುತ್ತಾ ಹೋದಾಗ ಇನ್ನೊಂದು ಸಿಕ್ಕಿತು. 1945ರ ಔಷಧ ನಿಯಮಗಳಲ್ಲಿ 65ನೇ ನಿಯಮ. ಮತ್ತೆ ಕೊಡಬಹುದು ಅಂತ ಡಾಕ್ಟರು ಬರೆದಿದ್ದರೆ ಮಾತ್ರ ಅದೇ ಚೀಟಿಗೆ ಎರಡನೇ ಸಲ ಔಷಧ ಕೊಡಬೇಕು. ಎಷ್ಟು ಸಲ ಅಂತ ಬರೆದಿದ್ದರೆ ಅಷ್ಟೇ ಸಲ. ಅಂದರೆ ನಮ್ಮ ಲ್ಯಾಮಿನೇಷನ್ ಚೀಟಿಯ ಕತೆ ಏನಾಯಿತು ಅಂತ ನೀವೇ ಲೆಕ್ಕ ಹಾಕಿ.

ಜೂನಿನಲ್ಲಿ ಊರಿಗೆ ಹೋಗಿ ಅವ್ವನನ್ನು ಡಾಕ್ಟರಿಗೆ ತೋರಿಸಿದೆ. ಸರ್, ಎಷ್ಟು ತಿಂಗಳು ಇದೇ ನಡೆಯಬಹುದು ಅಂತ ಚೀಟಿಯಲ್ಲೇ ಬರೆದುಕೊಡಿ ಅಂದೆ. ಕನ್ನಡಕದ ಮೇಲಿಂದ ನೋಡಿದರು. "ಇದು ಯಾರೂ ಕೇಳಂಗಿಲ್ರಿ" ಅಂದರು. ಬರೆದರು: ತಿಂಗಳಿಗೊಮ್ಮೆ, 3 ಸಲ, ಆಮೇಲೆ ತೋರಿಸಬೇಕು. ರಕ್ತ ಪರೀಕ್ಷೆ ಮಾಡಿಸಿ ರಾತ್ರಿಯ ಶುಗರ್ ಗುಳಿಗೆ ತೆಗೆದುಹಾಕಿದರು. ಅದು ಯಾವಾಗಿನಿಂದ ಬೇಡವಾಗಿತ್ತೋ ಏನೋ. ನಾನಂತೂ ಹೂಂ, ಹೂಂ ಅಂತ ಒತ್ತುತ್ತಾ ಹೋಗುತ್ತಿದ್ದೆ.

ಅಪ್ಪ ಅವ್ವ ಊರಲ್ಲಿ, ನಾವು ಪುಣೆ, ಹೈದರಾಬಾದ್, ಬೆಂಗಳೂರಲ್ಲಿ. ನಮ್ಮ ಕಡೆ ಮನೆಮನೆ ಕತೆ ಇದು. ಆನ್‌ಲೈನ್ ಬಿಡಿ ಅಂತ ನಾನು ಹೇಳಲ್ಲ, ನಾನೂ ಬಿಟ್ಟಿಲ್ಲ. ಎಷ್ಟು ಸಲ ಕೊಡಬಹುದು ಅನ್ನೋ ಆ ಒಂದು ಸಾಲನ್ನು ಮಾತ್ರ ಡಾಕ್ಟರ ಕೈಲಿ ಬರೆಸಿಕೊಳ್ಳಿ. ಬಣ್ಣ ಬದಲಾದಾಗ ಅಂಗಡಿಯವನು ಹೇಳುತ್ತಿದ್ದ ಮಾತನ್ನು ಇನ್ನು ಮೇಲೆ ಆರ್ಡರ್ ಮಾಡಿದವರೇ ಫೋನ್ ಮಾಡಿ ಹೇಳಬೇಕು.

ಇನ್ಸುಲಿನ್ ಮಾತ್ರ ಬೇಸಿಗೆಯಲ್ಲಿ ತರಿಸಲೇಬೇಡಿ. ಜೇವರ್ಗಿ ಕಡೆಯ ಹಳ್ಳಿಯಲ್ಲಿ ನಮ್ಮ ಸೋದರಮಾವ ಇದ್ದಾರೆ. ಅವರಿಗೆ ಅಂತ ಏಪ್ರಿಲಿನಲ್ಲಿ ಕಳಿಸಿದೆ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯೊಳಗೆ ಇರಬೇಕು. ಹಳ್ಳಿಗೆ ಡೆಲಿವರಿ ಇಲ್ಲ ಅಂತ ಡಬ್ಬಿಯನ್ನು ಜೇವರ್ಗಿಯ ಕಿರಾಣಿ ಅಂಗಡಿಯಲ್ಲಿ ಇಟ್ಟು ಹೋಗಿದ್ದರು. ತಗಡಿನ ಕೆಳಗೆ ಒಂದೂವರೆ ದಿನ. ಮಾವ ತೆರೆದಾಗ ಐಸ್ ಪ್ಯಾಕು ಚಹಾದ ಹಾಗೆ ಬೆಚ್ಚಗಿತ್ತಂತೆ. ಎಲ್ಲಾ ಚೆಲ್ಲಿದೆವು. ಈಗ ಫ್ರಿಜ್ ಇರುವ ಮೆಡಿಕಲ್‌ನಿಂದಲೇ ತರುತ್ತಾರೆ, ಮುಂಜಾನೆ ಬಿಸಿಲೇರುವ ಮೊದಲು.

ಚಿಗವ್ವ ಬೇರೆ, "ನನ್ ನಿದ್ದಿ ಗುಳಿಗೀನೂ ಅದ್ರಾಗೇ ಹಾಕಿಬಿಡೋ ತಮ್ಮಾ" ಅಂತ ಗಂಟು ಬಿದ್ದಿದ್ದಳು. ಅವಳ ಗುಳಿಗೆ ಅಲ್ಪ್ರಜೋಲಾಮ್. ಅದು ಎಚ್1, ಅಂದರೆ ಮಾರಾಟಕ್ಕೆ ಬಿಗಿ ನಿಯಮ ಇರುವ ಪಟ್ಟಿಯ ಔಷಧ. ಅಂಗಡಿಯವರು ರೋಗಿಯ ಹೆಸರು, ಡಾಕ್ಟರ ಹೆಸರು ರಿಜಿಸ್ಟರಿನಲ್ಲಿ ಬರೆದು ಅದನ್ನು 3 ವರ್ಷ ಕಾಯ್ದಿಡಬೇಕು. ನನ್ನಿಂದ ಆಗಲ್ಲ ಚಿಗವ್ವ ಅಂದೆ. ಇನ್ನೂ ಸಿಟ್ಟಿದೆ.

ಈಗ ಡಬ್ಬಿ ಬಂದ ದಿನ ವಿಡಿಯೋ ಕಾಲ್. ಮೊದಲ ಐದು ನಿಮಿಷ ಫ್ಯಾನ್ ಮಾತ್ರ ಕಾಣುತ್ತದೆ. ಆಮೇಲೆ ಅವ್ವ ಒಂದೊಂದೇ ಸ್ಟ್ರಿಪ್ ಹಿಡಿಯುತ್ತಾಳೆ, ಹೆಚ್ಚಾಗಿ ತಲೆಕೆಳಗು. ನಾನು ಹೇಳಿದಂತೆ ಸ್ಕೆಚ್ ಪೆನ್ನಿನಲ್ಲಿ ಅದರ ಮೇಲೆ ಬರೆಯುತ್ತಾಳೆ: ಬಿಪಿ, ಮುಂಜಾನಿ. ಹಳೇದು ಏನಾದರೂ ಉಳಿದಿದ್ದರೆ ಬೇರೆ ಡಬ್ಬಿಗೆ.

ಹೋದ ಭಾನುವಾರ ಕೇಳಿದೆ, ಅವ್ವ, ಆ ನೀಲಿ ಸ್ಟ್ರಿಪ್ಪಿನವು ಇದ್ದವಲ್ಲ, ಎಲ್ಲಿವೆ?

"ಚಿಗವ್ವಗ ಕೊಟ್ಟೀನಿ" ಅಂದಳು. "ಆಕಿಗೂ ಬಿಪಿ ಅದಲ್ಲ. ಸುಮ್ನೆ ಯಾಕ ಹಾಳು ಮಾಡೋದು?"